ಹಲಗಿ ಬಾಗಿಲಾಚೆ ನಿಂತಿದೆ: ಸಭೆಗಳ ಹಾಡುವ ಬಳಗಕ್ಕೊಂದು ಬಹಿರಂಗ ಪತ್ರ

ಬೈಲಹೊಂಗಲ, ಕಿತ್ತೂರ, ಸವದತ್ತಿ, ರಾಮದುರ್ಗ ಸೀಮೆಯ ಸಭೆಗಳಲ್ಲಿ ಭಾನುವಾರ ಮುಂದೆ ನಿಂತು ಹಾಡುವ ಅಕ್ಕತಂಗಿಯರಿಗೆ, ಅಣ್ಣತಮ್ಮಂದಿರಿಗೆ. ಪೇಟಿ, ತಬಲಾ, ಕೀಬೋರ್ಡು ಹಿಡಿದು ಕೂಡ್ರುವ ಹುಡುಗರಿಗೆ,



ಈ ಪತ್ರವನ್ನು ಅಯ್ಯನವರಿಗೆ ಬರೆಯಬಹುದಿತ್ತು, ಕಮಿಟಿಯ ಹಿರಿಯರಿಗೂ ಬರೆಯಬಹುದಿತ್ತು. ಅವರಿಗೆ ಬೇರೆ ಚಿಂತೆಗಳು ಬೇಕಾದಷ್ಟಿವೆ: ಸೋರುವ ಮಾಳಿಗೆ, ಗೋಡೆಯ ಸುಣ್ಣ, ಸ್ಮಶಾನದ ಜಾಗ. ಸಭೆ ಏನು ಹಾಡಬೇಕು ಎನ್ನುವುದನ್ನು ನಿಜವಾಗಿ ತೀರ್ಮಾನಿಸುವವರು ನೀವು, ಶನಿವಾರ ಸಂಜೆ, ಮೊಬೈಲು ಹಿಡಿದುಕೊಂಡು. ಆದ್ದರಿಂದ ಮಾತು ನಿಮ್ಮ ಜೊತೆಗೇ ಆಗಲಿ.

ನಾನು ಬೆಟಗೇರಿಯ ಬಾಸೆಲ್ ಮಿಷನ್ ಸಭೆಯಲ್ಲಿ ಬೆಳೆದವನು. ಮಾಸ್ತರಿಕೆಗೆಂದು ಮುರಗೋಡಕ್ಕೆ ಬಂದವನು ಇಲ್ಲೇ ನೆಲೆ ನಿಂತೆ. ಹಬ್ಬಕ್ಕೋ ಮದುವೆಗೋ ಮನೆ ಪ್ರಾರ್ಥನೆಗೋ ಕರೆ ಬಂದಲ್ಲಿ ಹೋಗಿ ಪೇಟಿ ಬಾರಿಸುತ್ತ ನಿಮ್ಮ ಬಹಳ ಸಭೆಗಳ ಹಾಡು ಕೇಳಿದ್ದೇನೆ. ಮೆಥಡಿಸ್ಟ್ ಇರಲಿ, ಸಿಎಸ್‌ಐ ಇರಲಿ, ಕ್ಯಾಥೊಲಿಕ್ ಇರಲಿ, ಬಾಡಿಗೆ ಕೋಣೆಯಲ್ಲಿ ಕೂಡುವ ಹೊಸ ಗುಂಪುಗಳಿರಲಿ, ಹೊರಗಿನ ಬೋರ್ಡು ಬೇರೆಯಾದರೂ ಈಚೆಗೆ ಒಳಗಿನ ಹಾಡು ಒಂದೇ ಆಗಿಬಿಟ್ಟಿದೆ. ಬೆಂಗಳೂರಿನದೋ ಹೈದರಾಬಾದಿನದೋ ಸ್ಟುಡಿಯೋದಲ್ಲಿ ತಯಾರಾದದ್ದು. ಹಲವು ಸಲ ತೆಲುಗಿನಿಂದ ಅವಸರದಲ್ಲಿ ಕನ್ನಡಕ್ಕೆ ತಂದದ್ದು, ಹೀಗಾಗಿ ಮಾತು ತಾಳಕ್ಕೆ ಕೂಡದೆ ಅಲ್ಲಲ್ಲಿ ಕುಂಟುತ್ತದೆ. ಕೀಬೋರ್ಡಿನ ಗುಂಡಿ ಒತ್ತಿದರೆ ಡ್ರಮ್ಮು ತಾನೇ ಬಡಿದುಕೊಳ್ಳುತ್ತದೆ. ಶ್ರುತಿ ಆ ಸ್ಟುಡಿಯೋ ಗಾಯಕನ ಗಂಟಲಿಗೆ ಒಗ್ಗಿದ್ದು, ನಮ್ಮ ಸಭೆಯ ಗಂಟಲಿಗಲ್ಲ.

ಆ ಹಾಡುಗಳು ಕೆಟ್ಟವು ಎನ್ನುತ್ತಿಲ್ಲ. ಕೆಲವು ನನಗೂ ಇಷ್ಟ. ಆದರೆ ಪೇಟಿ ಬಾರಿಸುವಾಗ ನನ್ನ ಕಣ್ಣು ಹೆಂಗಸರ ಸಾಲಿನ ಕಡೆಗೆ ಹೋಗುತ್ತದೆ. ಅಲ್ಲಿ ಗೋಡೆಗೆ ಒರಗಿ ಕೂತ ಆಯಿಗಳು ಬಾಯಿ ತೆರೆಯುವುದಿಲ್ಲ. ಮದುವೆಮನೆಯಲ್ಲಿ ಸೋಬಾನ ಎತ್ತಿದರೆ ಹಾಡಿದ್ದನ್ನು ಮತ್ತೆ ಹಾಡದೆ ಬೆಳಗು ಮಾಡಬಲ್ಲವರು ಅವರು. ತೊಟ್ಟಿಲಿಗೊಂದು, ಬೀಸುವ ಕಲ್ಲಿಗೊಂದು, ಆರತಿಗೊಂದು ಹಾಡು ಅವರ ಬಾಯಲ್ಲೇ ಇದೆ. ದೇವರ ಮನೆಯಲ್ಲಿ ಮಾತ್ರ ಅವರು ಬರೀ ಕೇಳುಗರು. ಪರದೆಯ ಮೇಲಿನ ಅಕ್ಷರ ಓದಲು ಬಾರದು, ಓದಿ ಹೇಳಿಕೊಟ್ಟರೂ ಆ ಎತ್ತರದ ಸ್ವರ ಎಟುಕದು. ಒಂದೂರಲ್ಲಿ ಆರಾಧನೆ ಮುಗಿದ ಮೇಲೆ ಅಂಥ ಒಬ್ಬಾಕೆಯನ್ನು ಕೇಳಿದೆ, "ಯಾಕ ಆಯಿ, ಹಾಡಲಿಲ್ಲ?" "ಅದು ಹುಡುಗೂರ ಹಾಡೋ ಯಪ್ಪಾ, ನಮಗೆಲ್ಲಿ ನಿಲುಕತೈತಿ" ಎಂದಳು. ದನಿಯಲ್ಲಿ ಬೇಸರವೇನೂ ಇರಲಿಲ್ಲ. ಅವಳು ಹುಡುಗಿಯಾಗಿದ್ದಾಗಿನ ಹಾಡೂ ಅವಳಿಗೆ ನಿಲುಕಿದ್ದಲ್ಲ. ಆಗ ಅದು ವಿಲಾಯತಿ ರಾಗದ ಹಾಡಾಗಿತ್ತು.

ಆ ವಿಲಾಯತಿ ರಾಗಗಳು ಎಲ್ಲಿಂದ ಬಂದವು, ಹೇಗೆ ಹುಟ್ಟಿದವು ಎನ್ನುವುದು ಹಾಡುವವರಿಗೆ ತಿಳಿದಿರಬೇಕು.

ನಮ್ಮ ಕಡೆಯ ಪ್ರಾಟೆಸ್ಟಂಟ್ ಸಭೆಗಳು ಎರಡು ದಿಕ್ಕಿನಿಂದ ಬೆಳೆದವು. ಬೆಳಗಾವಿಗೆ 1820ರಲ್ಲಿ ಬಳ್ಳಾರಿಯ ಕಡೆಯಿಂದ ಲಂಡನ್ ಮಿಷನ್ನಿನ ಜೋಸೆಫ್ ಟೇಲರ್ ಬಂದರು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಆ ಕೆಲಸ ಅಮೆರಿಕದ ಮೆಥಡಿಸ್ಟರ ಕೈಗೆ ಹೋಯಿತು. ಧಾರವಾಡದ ದಿಕ್ಕಿನಿಂದ ಬಂದದ್ದು ಬಾಸೆಲ್ ಮಿಷನ್. 1815ರಲ್ಲಿ ಸ್ವಿಟ್ಜರ್‌ಲೆಂಡಿನ ಬಾಸೆಲ್ ನಗರದಲ್ಲಿ ಹುಟ್ಟಿದ ಆ ಸಂಸ್ಥೆ 1834ರಲ್ಲಿ ಹೆಬಿಕ್, ಲೇನರ್, ಗ್ರೈನರ್ ಎಂಬ ಮೂವರನ್ನು ಮಂಗಳೂರಿಗೆ ಕಳಿಸಿತು. ಅಲ್ಲಿಂದ ಘಟ್ಟ ಹತ್ತಿ 1837ರಲ್ಲಿ ಧಾರವಾಡ, 1839ರಲ್ಲಿ ಹುಬ್ಬಳ್ಳಿ, 1841ರಲ್ಲಿ ಬೆಟಗೇರಿ, 1851ರಲ್ಲಿ ಗುಳೇದಗುಡ್ಡ. ಬಾಸೆಲ್ ಮಿಷನ್ ಪೂರಾ ಲೂಥರನ್ ಸಂಸ್ಥೆಯಲ್ಲ. ಲೂಥರನರೂ ರಿಫಾರ್ಮ್ಡ್ ಪಂಥದವರೂ ಕೂಡಿ ಕಟ್ಟಿದ್ದು. ಆದರೆ ಇಲ್ಲಿಗೆ ಬಂದ ಮಿಷನರಿಗಳಲ್ಲಿ ಬಹಳ ಜನ ದಕ್ಷಿಣ ಜರ್ಮನಿಯ ವ್ಯೂರ್ಟೆಂಬರ್ಗ್ ಸೀಮೆಯ ಲೂಥರನ್ ಮನೆಗಳ ಮಕ್ಕಳು. ತಾಯಿಯ ತೊಡೆಯ ಮೇಲೆ ಕಲಿತ ರಾಗಗಳನ್ನೇ ಅವರು ಹೊತ್ತು ತಂದರು. ಕನ್ನಡದ ಮಾತನ್ನು ಆ ರಾಗದ ಅಳತೆಗೆ ಕೂಡಿಸಿ ಹಾಡಿನ ಪುಸ್ತಕ ಮಾಡಿಕೊಟ್ಟರು. ನಾಲ್ಕು ಧ್ವನಿ ಕೂಡಿಸಿ ಹಾಡುವುದನ್ನು ಕಲಿಸಿದರು. ಬೆಟಗೇರಿಯಲ್ಲಿ ನಾನು ಕಲಿತದ್ದೂ ಅದೇ. ಇವತ್ತಿಗೂ ಹಳೆಯ ಸಭೆಯವರು ಸಮಾಧಿಯ ಬಳಿ ನಾಲ್ಕು ಧ್ವನಿಯಲ್ಲಿ ಹಾಡಿದರೆ ಮೈ ಜುಮ್ಮೆನ್ನುತ್ತದೆ. ಅದನ್ನು ಬಿಟ್ಟುಬಿಡಿ ಎಂದು ನಾನೆಂದೂ ಹೇಳಲಾರೆ.

ಆದರೆ ಆ ರಾಗಗಳ ಮೂಲಪುರುಷ ಮಾರ್ಟಿನ್ ಲೂಥರರು ಮಾಡಿದ್ದೇನು? ಅವರ ಕಾಲಕ್ಕೆ ಜರ್ಮನಿಯ ದೇವಾಲಯಗಳಲ್ಲಿ ಹೆಚ್ಚಾಗಿ ಹಾಡುತ್ತಿದ್ದವರು ಪಾದ್ರಿಗಳು ಮತ್ತು ಗಾಯಕರ ಮೇಳ, ಅದೂ ಲ್ಯಾಟಿನ್ನಿನಲ್ಲಿ. ಬೇಸಾಯದ ಜನ, ನೇಕಾರರು, ಅಡುಗೆಯ ಹೆಂಗಸರು ನಿಂತು ಕೇಳುತ್ತಿದ್ದರು. ನಮ್ಮ ಆಯಿಗಳ ಹಾಗೆಯೇ. 1524ರಲ್ಲಿ ನ್ಯೂರೆಂಬರ್ಗಿನಲ್ಲಿ ಒಂದು ಚಿಕ್ಕ ಪುಸ್ತಿಕೆ ಅಚ್ಚಾಯಿತು. ಅದರಲ್ಲಿದ್ದದ್ದು ಬರೀ 8 ಹಾಡು, 4 ಲೂಥರರವು, ಎಲ್ಲ ಜನರ ಮಾತಿನಲ್ಲಿ. ಎರಡು ವರ್ಷಕ್ಕೆ, 1526ರಲ್ಲಿ, ಜರ್ಮನ್ ನುಡಿಯ ಆರಾಧನಾ ಕ್ರಮವೇ ಹೊರಬಂತು. ಲೂಥರರು ನಡೆಸಿದ ಸಭಾ ಸುಧಾರಣೆಯ ಬಗ್ಗೆ ಅಯ್ಯನವರು ಪ್ರಸಂಗದಲ್ಲಿ ಹೇಳುವುದೆಲ್ಲ ಸಿದ್ಧಾಂತದ ಮಾತು. ನನ್ನಂಥ ಪೇಟಿಯವನಿಗೆ ಅದು ಮುಚ್ಚಿದ್ದ ಬಾಯಿಗಳನ್ನು ತೆರೆಸಿದ ಕೆಲಸವಾಗಿ ಕಾಣುತ್ತದೆ.

ಲೂಥರರು ರಾಗ ಎಲ್ಲಿಂದ ತಂದರು ಎನ್ನುವುದು ಇನ್ನೂ ಸ್ವಾರಸ್ಯ. ಕೆಲವನ್ನು ಹಳೆಯ ಲ್ಯಾಟಿನ್ ಹಾಡುಗಳಿಂದ ತಂದರು, ಕೆಲವನ್ನು ತಾವೇ ಕಟ್ಟಿದರು, ಕೆಲವನ್ನು ಓಣಿಯಿಂದ ಎತ್ತಿಕೊಂಡರು. ಅವರ ಸೀಮೆಯಲ್ಲಿ ಒಂದು ಬಗೆಯ ಒಗಟಿನ ಹಾಡಿತ್ತು. ಪರಊರಿನ ಹುಡುಗ ಬಂದು, ನಾನು ದೂರದೇಶದಿಂದ ಹೊಸ ಸುದ್ದಿ ತಂದಿದ್ದೇನೆ ಎಂದು ಹಾಡುತ್ತ ಹುಡುಗಿಯರಿಗೆ ಒಗಟು ಹಾಕುತ್ತಿದ್ದ. ಸೋತವಳು ತನ್ನ ಹೂವಿನ ದಂಡೆಯನ್ನು ಅವನಿಗೆ ಕೊಡಬೇಕು. ಲೂಥರರು ಆ ಹಾಡಿನ ಧಾಟಿಯನ್ನೇ ಹಿಡಿದು, ಪರಊರ ಹುಡುಗನ ಜಾಗದಲ್ಲಿ ದೇವದೂತನನ್ನು ನಿಲ್ಲಿಸಿ, ತಮ್ಮ ಮನೆಯ ಮಕ್ಕಳಿಗಾಗಿ ಒಂದು ಕ್ರಿಸ್‌ಮಸ್ ಹಾಡು ಬರೆದರು. 1535ರಲ್ಲಿ ಅದು ಅಚ್ಚಾಯಿತು. ಮುಂದೆ ಕೆಲವೇ ವರ್ಷಕ್ಕೆ ಅದಕ್ಕೆ ಬೇರೆ ರಾಗ ಕೂಡಿತು, ಅದು ಬೇರೆ ಮಾತು. ಮೊದಲು ಜನ ಹಾಡಿದ್ದು ಓಣಿಯ ರಾಗದಲ್ಲೇ.

ಇದನ್ನು ಓದಿದಾಗ ನನಗೆ ನಮ್ಮ ಕಡೆಯ ಜಾತ್ರೆಯ ಕಟ್ಟೆ ಕಣ್ಣಿಗೆ ಕಟ್ಟಿತು. ಗೀಗೀ ಮೇಳದವರು ಎದುರುಬದುರು ಕೂತು, ಒಂದು ಕಡೆ ಹರದೇಶಿ, ಇನ್ನೊಂದು ಕಡೆ ನಾಗೇಶಿ, ದಪ್ಪು ತುಂತುಣಿ ಹಿಡಿದು ರಾತ್ರಿಯೆಲ್ಲ ಸವಾಲು ಹಾಕುವುದು, ಜವಾಬು ಕೊಡುವುದು. ಗಂಡು ಹೆಚ್ಚೋ ಹೆಣ್ಣು ಹೆಚ್ಚೋ, ಶಿವ ಹೆಚ್ಚೋ ಶಕ್ತಿ ಹೆಚ್ಚೋ. ಲೂಥರರು ಸವದತ್ತಿ ತಾಲೂಕಿನಲ್ಲಿ ಹುಟ್ಟಿದ್ದರೆ ಆ ಗೀಗೀ ಮೇಳದ ಕಟ್ಟೆಯಿಂದಲೇ ರಾಗ ಎತ್ತುತ್ತಿದ್ದರು ಎನ್ನುವುದರಲ್ಲಿ ನನಗೆ ಅನುಮಾನವಿಲ್ಲ.

ಬಾಸೆಲ್‌ನವರು ನಮಗೆ ಲೂಥರರ ರಾಗ ಕೊಟ್ಟರು, ಲೂಥರರ ರೂಢಿ ಕೊಡಲಿಲ್ಲ. ನನ್ನ ತಕರಾರು ಇಷ್ಟೇ. ಓಣಿಯ ಹಾಡನ್ನು ದೇವಾಲಯಕ್ಕೆ ತಂದವರ ಮಕ್ಕಳು ನಮ್ಮ ಓಣಿಯ ಹಾಡನ್ನು ದೇವಾಲಯದ ಹೊರಗೆ ಇಡಿಸಿದರು. ಹಾಗೆ ಮಾಡಲು ಅವರಿಗೂ ಕಾರಣಗಳಿದ್ದವು. ಹೊಸದಾಗಿ ಸಭೆಗೆ ಬಂದವರು ಹಳೆಯ ಜಾತ್ರೆಗೆ, ಹಳೆಯ ಹರಕೆಗೆ ಮರಳಿ ಹೋದಾರು ಎಂಬ ಅಂಜಿಕೆ. ಮಿಷನ್ ಕಾಂಪೌಂಡಿನ ಗೋಡೆಯೊಳಗೆ ಮನೆ, ಶಾಲೆ, ಕೆಲಸ, ಮದುವೆ, ಹಾಡು ಎಲ್ಲ ಬೇರೆಯಾದವು. ಊರಿನಿಂದ ಅವಮಾನ ಉಂಡು ಬಂದವರಿಗೆ ಆ ಗೋಡೆ ನೆರಳೂ ಆಗಿತ್ತು, ಅದನ್ನೂ ಹೇಳಬೇಕು.

ಎಲ್ಲ ಮಿಷನರಿಗಳೂ ಹಾಗಿರಲಿಲ್ಲ. ಫರ್ಡಿನೆಂಡ್ ಕಿಟೆಲ್ ಎಂದರೆ 1894ರ ಕನ್ನಡ-ಇಂಗ್ಲಿಷ್ ನಿಘಂಟು ಎಂದು ಮಕ್ಕಳೂ ಹೇಳುತ್ತಾರೆ. ಅವರು ಅದಕ್ಕೂ ಬಹಳ ಮುಂಚೆ, 1862ರಲ್ಲಿ, ಯೇಸುಸ್ವಾಮಿಯ ಚರಿತ್ರೆಯನ್ನು ಕನ್ನಡದ್ದೇ ಛಂದಸ್ಸಿನಲ್ಲಿ 'ಕಥಾಮಾಲೆ' ಎಂದು ಕಟ್ಟಿದರು. ಆ ದಾರಿಯಲ್ಲಿ ಅವರ ಹಿಂದೆ ನಡೆದವರು ಕಡಿಮೆ. ಇನ್ನೊಬ್ಬರು ನಮ್ಮವರೇ, ಧಾರವಾಡದಲ್ಲಿ ಹುಟ್ಟಿದ ಉತ್ತಂಗಿ ಚನ್ನಪ್ಪನವರು (1881–1962). ಬಾಸೆಲ್ ಮಿಷನ್ನಿನ ಪಾಲಕರು. ಪೀಠದ ಮೇಲೆ ಸುವಾರ್ತೆ ಸಾರುತ್ತಲೇ ಊರೂರು ತಿರುಗಿ ಸರ್ವಜ್ಞನ ತ್ರಿಪದಿಗಳನ್ನು ಕೂಡಿಹಾಕಿದರು, 1924ರಲ್ಲಿ ಅಚ್ಚು ಹಾಕಿಸಿದರು. ಆಮೇಲೆ ಮೋಳಿಗೆ ಮಾರಯ್ಯನ ವಚನ, ಸಿದ್ಧರಾಮನ ಸಾಹಿತ್ಯ ಎಂದು ಬಾಳೆಲ್ಲ ಅದೇ ಕೆಲಸ. 1949ರಲ್ಲಿ ಕಲಬುರಗಿಯ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಅವರೇ ಅಧ್ಯಕ್ಷರು. 'ತಿರುಳ್ಗನ್ನಡದ ತಿರುಕ' ಎಂದು ಕರೆಸಿಕೊಂಡ ಈ ಪಾಲಕರ ಹೆಸರು ನಮ್ಮ ಸಂಡೇ ಸ್ಕೂಲಿನ ಎಷ್ಟು ಮಕ್ಕಳಿಗೆ ಗೊತ್ತು? ಸರ್ವಜ್ಞನನ್ನು ಕನ್ನಡಿಗರ ಕೈಗೆ ಪುಸ್ತಕ ಮಾಡಿ ಕೊಟ್ಟ ಪಾಲಕರಿದ್ದ ಪರಂಪರೆ ನಮ್ಮದು. ಆದರೂ ತ್ರಿಪದಿಯಲ್ಲಿ ಒಂದೇ ಒಂದು ಹಾಡನ್ನು ನಮ್ಮ ಆರಾಧನೆಯಲ್ಲಿ ನಾನು ಕೇಳಿಲ್ಲ.

ಈಗ ಕಷ್ಟದ ಮಾತಿಗೆ ಬರುತ್ತೇನೆ.

ನಮ್ಮ ಹಾಡನ್ನು ನಮ್ಮ ವಾದ್ಯದಲ್ಲಿ ಹಾಡೋಣ ಎಂದ ಕೂಡಲೇ ತಕರಾರು ಏಳುವುದು ಹೊರಗಿನವರಿಂದಲ್ಲ, ನಮ್ಮ ಹಿರಿಯರಿಂದಲೇ. ಪೇಟಿ ಆದೀತು, ತಬಲಾ ಆದೀತು, ಡೊಳ್ಳೂ ಆದೀತು. ಹಲಗಿ ಮಾತ್ರ ಬೇಡ. ಯಾಕೆ ಎಂದು ಯಾರೂ ಕೇಳುವುದಿಲ್ಲ, ಉತ್ತರ ಎಲ್ಲರಿಗೂ ಗೊತ್ತಿರುವುದರಿಂದ. ನಮ್ಮ ಸಭೆಗಳ ಎಷ್ಟೋ ಮನೆತನಗಳು ಹಲಗಿ ಬಾರಿಸುವ ಕೇರಿಯಿಂದ ಬಂದವು. ಊರಿನ ಹೆಣಕ್ಕೆ ಬಾರಿಸಬೇಕು, ಊರಿನ ಜಾತ್ರೆಗೆ ಬಾರಿಸಬೇಕು, ಗೌಡರ ಡಂಗುರಕ್ಕೆ ಬಾರಿಸಬೇಕು. ಬಾರಿಸಿದವನಿಗೆ ಗುಡಿಯ ಮೆಟ್ಟಿಲಿಲ್ಲ, ಬಾವಿಯ ಹಗ್ಗವಿಲ್ಲ. ಕೂಲಿಯೆಂದರೆ ಮೇಲಿಂದ ಕೈಬಿಟ್ಟ ರೊಟ್ಟಿ. ಅಜ್ಜ ಸತ್ಯವೇದ ಕೈಗೆ ತೆಗೆದುಕೊಂಡ ದಿನ ಹಲಗಿಯನ್ನು ಕೆಳಗಿಟ್ಟ. ಅವನ ಪಾಲಿಗೆ ಅದೇ ಬಿಡುಗಡೆ. ಈಗ ಮೊಮ್ಮಗ ಕಾಲೇಜಿನಿಂದ ಬಂದು, ಇದು ನಮ್ಮ ಸಂಸ್ಕೃತಿ ಎಂದು ಅದನ್ನೇ ಪೀಠದ ಮುಂದೆ ತಂದು ಕಾಯಿಸತೊಡಗಿದರೆ ನಡುವಿನ ತಲೆಮಾರಿಗೆ ಸಿಟ್ಟು ಬಾರದೆ ಇದ್ದೀತೇ?

ಈ ಸಿಟ್ಟನ್ನು ಹಗುರಾಗಿ ತೆಗೆದುಕೊಳ್ಳಬೇಡಿ. ಜಾನಪದ ಎಂದರೆ ಕಣ್ಣರಳಿಸುವವರು ಬಹಳ ಸಲ ಆ ಹಲಗಿಯ ಸದ್ದಿನ ಹಿಂದಿನ ಬೈಗಳನ್ನು ಕೇಳಿದವರಲ್ಲ. ನೆಲದ ಹಾಡು ಎಂದ ಮಾತ್ರಕ್ಕೆ ನೆಲದ ಪಾಪ ತೊಳೆದುಹೋಗುವುದಿಲ್ಲ. ತಂಜಾವೂರಿನ ವೇದನಾಯಕ ಶಾಸ್ತ್ರಿಗಳ (1774–1864) ಉದಾಹರಣೆ ಮುಂದಿದೆ. 1706ರಲ್ಲಿ ತರಂಗಂಬಾಡಿಯಲ್ಲಿ ಶುರುವಾದ ಲೂಥರನ್ ಪರಂಪರೆಯ ಕವಿ, ಸರಫೋಜಿ ರಾಜನ ಗೆಳೆಯ. ಕುರವಂಜಿ ಎಂಬ ತಮಿಳು ನಾಟ್ಯರೂಪವನ್ನು ಹಿಡಿದು 'ಬೆತ್ಲೆಹೇಮ್ ಕುರವಂಜಿ' ಬರೆದವರು. ಕಣಿ ಹೇಳುವ ಅಲೆಮಾರಿ ಕೊರವಂಜಿಯಂಥವಳ ಬಾಯಲ್ಲಿ ಸುವಾರ್ತೆ ಹಾಡಿಸಿದ ಧೈರ್ಯ ಅವರದು. ಅದೇ ಶಾಸ್ತ್ರಿಗಳು, ಸಭೆಯಲ್ಲಿ ಎಲ್ಲ ಜಾತಿಯವರೂ ಕೂಡಿ ಕೂಡ್ರಬೇಕು, ಒಂದೇ ಪಾತ್ರೆಯಿಂದ ಕರ್ತನ ಭೋಜನ ತೆಗೆದುಕೊಳ್ಳಬೇಕು ಎಂಬ ಒತ್ತಾಯ ಬಂದಾಗ ಜಾತಿಯ ಪರವಾಗಿ ಲೇಖನಿ ಹಿಡಿದರು. ಹಾಡು ನೆಲದ್ದಾಯಿತು, ಸಾಲು ಹಳೆಯದೇ ಉಳಿಯಿತು. ನಮ್ಮ ಅಜ್ಜಂದಿರಿಗೆ ಹಲಗಿ ಬೇಡವಾದದ್ದು ಯಾಕೆಂದು ಇಲ್ಲಿ ತಿಳಿಯುತ್ತದೆ.

ಹಾಗಿದ್ದರೂ ಹಲಗಿಯನ್ನು ಶಾಶ್ವತವಾಗಿ ಹೊರಗೇ ಬಿಡಬೇಕೆಂದು ನನಗೆ ಅನ್ನಿಸುವುದಿಲ್ಲ. ತಮಿಳುನಾಡಿನಲ್ಲೇ ಇದಕ್ಕೆ ಇನ್ನೊಂದು ಉತ್ತರವೂ ಹುಟ್ಟಿತು. ಮದುರೈಯ ಅರಸರಡಿಯಲ್ಲಿ ಸಿಎಸ್‌ಐ ಮತ್ತು ಲೂಥರನ್ ಸಭೆಗಳು ಕೂಡಿ ನಡೆಸುವ ದೈವಜ್ಞಾನ ಕಾಲೇಜಿದೆ. ಅಲ್ಲಿ ಪಾಠ ಹೇಳುತ್ತಿದ್ದ ಥಿಯೊಫಿಲಸ್ ಅಪ್ಪಾವು, ಜನ ಅವರನ್ನು ಪರಟ್ಟೈ ಅಣ್ಣನ್ ಎಂದು ಕರೆಯುತ್ತಿದ್ದರು, ಹಳ್ಳಿಯ ಧಾಟಿಗಳಲ್ಲಿ ಒಂದು ಇಡೀ ಆರಾಧನಾ ಕ್ರಮವನ್ನೇ ಕಟ್ಟಿದರು. ಪರೈ, ಅಂದರೆ ನಮ್ಮ ಹಲಗಿಯ ಅಣ್ಣ, ದೇವಾಲಯದೊಳಗೆ ಬಂತು. ಅವಮಾನದ ವಾದ್ಯವನ್ನು ಅವಮಾನಿತರೇ ತಮ್ಮ ಇಚ್ಛೆಯಿಂದ, ತಮ್ಮ ದೇವರಿಗೆ, ಕೂಲಿಯಿಲ್ಲದೆ ಬಾರಿಸಿದಾಗ ಅದು ಬೇರೆ ವಾದ್ಯವಾಗುತ್ತದೆ ಎಂಬುದು ಅವರ ನಂಬಿಕೆ. ಶಾಸ್ತ್ರೀಯ ಸಂಗೀತವನ್ನೂ ಪಾಶ್ಚಾತ್ಯ ಸಂಗೀತವನ್ನೂ ಅವರು ಬದಿಗಿಟ್ಟದ್ದಕ್ಕೆ ಒಂದು ಸರಳ ಲೆಕ್ಕಾಚಾರವಿತ್ತು: ಬರೆದಿಟ್ಟ ರಾಗವನ್ನು ತಪ್ಪಿಲ್ಲದೆ ಹಾಡಬೇಕು, ಜನಪದದ ಧಾಟಿಯನ್ನು ಹಾಡುವವಳು ತನಗೆ ಬೇಕಾದಂತೆ ತಿದ್ದಿಕೊಳ್ಳಬಹುದು. ಅವರ ಹಾಡಿನ ಜೊತೆ ಊಟವೂ ಇತ್ತು. ಒಂದೇ ಒಲೆಯ ಮೇಲೆ ಬೇಯಿಸಿದ್ದನ್ನು ಎಲ್ಲರೂ ಹಂಚಿಕೊಂಡು ಉಣ್ಣುವುದೇ ಅವರ ದೈವಜ್ಞಾನದ ನಡುಮನೆ. ಕಡೆಗಾಲದಲ್ಲಿ ಅವರು ಚೆನ್ನೈಯ ಗುರುಕುಲ ಲೂಥರನ್ ಕಾಲೇಜಿನಲ್ಲಿದ್ದರು, 2005ರಲ್ಲಿ ತೀರಿಕೊಂಡರು.

ನಮ್ಮ ಹತ್ತಿರದಲ್ಲೇ ಒಂದು ಪ್ರಯೋಗ ನಡೆದಿದೆ, ನಿಮ್ಮಲ್ಲಿ ಕೆಲವರು ನೋಡಿಯೇ ಇದ್ದೀರಿ. ಬೈಲಹೊಂಗಲ ತಾಲೂಕಿನ ದೇಶನೂರಿನಲ್ಲಿ ಜೆಸ್ವಿಟ್ ಪಾದ್ರಿಗಳು ನಡೆಸುವ, ಸ್ನಾನಿಕ ಅರುಳಪ್ಪನವರ, ಅಂದರೆ ಸ್ನಾನಿಕ ಯೋಹಾನನ ಹೆಸರಿನ ವಿರಕ್ತಮಠ. ಕಾವಿ ಉಟ್ಟು, ಈ ನೆಲದ ಲಿಂಗಾಯತ ಮಠಗಳ ರೀತಿಯನ್ನು ಮೈಗೂಡಿಸಿಕೊಂಡು, ಸುತ್ತಲಿನ ಹಳ್ಳಿಗರ ಬಾಯಲ್ಲಿ ಸ್ವಾಮಿಗಳೆನಿಸಿಕೊಂಡು ಬಾಳಿದವರು ಆ ಪಾದ್ರಿಗಳು. ಈಚಿನ ವರ್ಷಗಳಲ್ಲಿ ಕಾವಿಯ ಪಾದ್ರಿಗಳ ಚಿತ್ರ ನೋಡಿ ಒಂದು ಕಡೆಯವರು ಮೋಸವೆಂದರು, ಇನ್ನೊಂದು ಕಡೆಯ ಕ್ರೈಸ್ತರು ನಂಬಿಕೆ ಕೆಟ್ಟಿತೆಂದರು. ಎರಡೂ ಅವಸರದ ಮಾತು. ಮುರಗೋಡದಂಥ ಊರಿನಲ್ಲಿ, ಶಿವಯೋಗಿ ಮಹಾಂತಜ್ಜನ ಹೆಸರು ಹೇಳಿ ಬೆಳಗಾಗುವ ಕಡೆ, ಮಠ ಎನ್ನುವುದು ಊಟ ಹಾಕುವ, ಅಕ್ಷರ ಕಲಿಸುವ, ಜಗಳ ಬಗೆಹರಿಸುವ ಜಾಗ. ಅದನ್ನು ಅರಿತು ನಡೆದವರ ತಾಳ್ಮೆಗೆ ನಾನು ಕೈಮುಗಿಯುತ್ತೇನೆ.

ಆದರೂ ನನ್ನದೊಂದು ಭಿನ್ನ ಅಭಿಪ್ರಾಯವಿದೆ. ಮಠದ ದಾರಿ ಗುರುವಿನಿಂದ ಕೆಳಗೆ ಇಳಿಯುವ ದಾರಿ. ಉಡುಪು ಗುರುವಿನದು, ಆಸನ ಗುರುವಿನದು, ಜನ ಎದುರು ಕೂಡ್ರುತ್ತಾರೆ. ನಮ್ಮ ಸಭೆಗಳಿಗೆ ಬೇಕಾದ್ದು ಅಂಗಳದಿಂದ ಮೇಲೆ ಹತ್ತುವ ದಾರಿ ಎಂದು ನನಗೆ ತೋರುತ್ತದೆ. ಉಡುಪು ಬದಲಿಸಬೇಕಾದ ಅಗತ್ಯ ಅದರಲ್ಲಿಲ್ಲ. ಗೋಡೆಗೆ ಒರಗಿದ ಆಯಿಯನ್ನು ಮುಂದೆ ಕರೆದು ಕೂಡ್ರಿಸಿದರೆ ಅರ್ಧ ಕೆಲಸ ಆಯಿತು.

ಶುಭಶುಕ್ರವಾರದ ವಿಷಯ ತೆಗೆದುಕೊಳ್ಳಿ. ಶಿಲುಬೆಯ ಮೇಲಿನ ಏಳು ಮಾತುಗಳಿಗೆ ಏಳು ಪ್ರಸಂಗ, ನಡುನಡುವೆ ಹಾಡು. ಮಧ್ಯಾಹ್ನದ ಆ ಬಿಸಿಲಿಗೆ ಮೂರನೆಯ ಮಾತಿನ ಹೊತ್ತಿಗೆ ಅರ್ಧ ಸಭೆ ತೂಕಡಿಸುತ್ತದೆ. ಇದೇ ಜನ ಮೊಹರಮ್ಮಿನ ರಾತ್ರಿ ಆಲೈ ಕುಣಿಯ ಸುತ್ತ ರಿವಾಯತ್ ಪದ ಹಾಡುವವರನ್ನು ಕಣ್ಣು ಮಿಟುಕಿಸದೆ ಕೇಳುತ್ತಾರೆ. ಕರ್ಬಲಾ ಎಲ್ಲಿ, ಮಲಪ್ರಭಾ ಎಲ್ಲಿ? ನೀರಿಲ್ಲದೆ ಬಳಲಿದ ಹಸುಗೂಸಿನ ಕಥೆಯನ್ನು ಕುರುಬರು, ಲಿಂಗಾಯತರು, ನಾಯಕರು ಕನ್ನಡದಲ್ಲಿ ಕಟ್ಟಿ, ಹೆಜ್ಜೆ ಹಾಕಿ, ಅಳುತ್ತ ಹಾಡುತ್ತಾರೆ. ಅದು ಯಾವ ಧರ್ಮದ್ದು ಎಂದು ಹಾಡುವಾಗ ಯಾರೂ ಕೇಳುವುದಿಲ್ಲ. "ನನಗೆ ನೀರಡಿಕೆಯಾಗಿದೆ" ಎಂಬುದು ಶಿಲುಬೆಯ ಮೇಲಿನ ಐದನೆಯ ಮಾತು. ರಿವಾಯತ್ ಕಟ್ಟುವ ಈ ಸೀಮೆಯವರ ಕೈಗೆ ಆ ಒಂದು ಮಾತನ್ನು ಕೊಟ್ಟಿದ್ದರೆ ಎಂಥ ಪದ ಹುಟ್ಟುತ್ತಿತ್ತು! ನಮ್ಮ ಪಕ್ಕದ ಓಣಿಯಲ್ಲೇ ಅವರಿದ್ದಾರೆ, ನಾವು ಕೇಳಿಯೇ ಇಲ್ಲ.

ಬೈಲಹೊಂಗಲದವರಿಗೆ ಇನ್ನೊಂದು ಮಾತು. ನಿಮ್ಮೂರಿನದೇ ಕಥೆ 'ಸಂಗ್ಯಾ ಬಾಳ್ಯಾ'. ಸಣ್ಣಾಟದವರು ಹಳ್ಳಿ ಹಳ್ಳಿಗೆ ಹೊತ್ತ ಕಥೆ, ಆಮೇಲೆ ಚಂದ್ರಶೇಖರ ಕಂಬಾರರು ಹೊಸ ರಂಗಭೂಮಿಗೆ ತಂದದ್ದು. ಉಂಡ ತಾಟಿನ ಗೆಳೆಯನನ್ನೇ ಕೊಲೆಗಾರರ ಕೈಗೆ ಒಪ್ಪಿಸಿದ ಬಾಳ್ಯಾನನ್ನು ನೋಡಿ ಹಲ್ಲು ಕಡಿಯುವ ಪ್ರೇಕ್ಷಕನಿಗೆ ಯೂದನ ಮುತ್ತಿನ ಅರ್ಥವನ್ನು ಪ್ರಸಂಗ ಮಾಡಿ ಹೇಳಬೇಕಾಗಿಲ್ಲ. ಸಣ್ಣಾಟದ ಚೌಕಟ್ಟಿನಲ್ಲಿ ಗುರುವಾರದ ರಾತ್ರಿಯ ಕಥೆ ಆಡಿ ನೋಡಿ. ಸಾರಥಿಯೂ ಇರಲಿ, ನಗೆಯೂ ಇರಲಿ. ನಗೆ ಬಂದರೆ ಭಕ್ತಿ ಕೆಟ್ಟಿತು ಎನ್ನುವವರು ನಮ್ಮಲ್ಲಿ ಇದ್ದಾರೆ. ಅವರಿಗೆ ಮುಂದಿನ ಸಾಲಿನಲ್ಲೇ ಕುರ್ಚಿ ಹಾಕಿ, ನಗದೆ ಕೂತಾರೋ ನೋಡೋಣ.

ಯೋಹಾನನ ಸುವಾರ್ತೆಯ ನಾಲ್ಕನೆಯ ಅಧ್ಯಾಯವನ್ನು ಇನ್ನೊಮ್ಮೆ ಓದಿ. ನಡುಮಧ್ಯಾಹ್ನ, ಬಾವಿಕಟ್ಟೆ, ಕುಡಿಯಲು ನೀರು ಕೇಳುವ ಗಂಡಸು, ನೀನು ಯಾವ ಜಾತಿಯವನು, ನನ್ನ ಕೈಯ ನೀರು ಹೇಗೆ ಕೇಳುತ್ತೀ ಎಂದು ತಿರುಗಿ ಕೇಳುವ ಹೆಂಗಸು. ಒಂದು ಸವಾಲು, ಒಂದು ಜವಾಬು; ಮತ್ತೊಂದು ಸವಾಲು, ಮತ್ತೊಂದು ಜವಾಬು. ಇಡೀ ಅಧ್ಯಾಯ ಹರದೇಶಿ-ನಾಗೇಶಿಗೆಂದೇ ಬರೆದಿಟ್ಟಂತಿದೆ. ನಾಗೇಶಿಯ ಕಡೆಗೆ ಗಟ್ಟಿ ಗಂಟಲಿನ ಹೆಂಗಸರನ್ನೇ ಕೂಡ್ರಿಸಿ. ನೀರಿನ ಬಾವಿಯ ಹತ್ತಿರ ನಡೆದ ಜಾತಿಯ ಮಾತನ್ನು ಹಾಡಲು ನಮ್ಮ ಕೇರಿಯ ಹೆಂಗಸರಿಗಿಂತ ಹೆಚ್ಚಿನ ಅರ್ಹತೆ ಯಾರಿಗಿದೆ?

ಹಾಡಿನ ಮಾತು ಬಹಳವಾಯಿತು. ಆರಾಧನೆಯಲ್ಲಿ ಹೊಸತನವೆಂದರೆ ಹಾಡು, ನಾಟಕ ಮಾತ್ರ ಎಂದು ನೀವು ತಿಳಿಯಬಾರದು. 1947ರ ಸೆಪ್ಟೆಂಬರ್ 27ರಂದು ಮದ್ರಾಸಿನಲ್ಲಿ ಸಿಎಸ್‌ಐ ಸಭೆ ಹುಟ್ಟಿತು. 1950ರಲ್ಲಿ ಅದು ಹೊರತಂದ ಕರ್ತನ ಭೋಜನದ ಕ್ರಮದಲ್ಲಿ ಸಮಾಧಾನವನ್ನು ಕೈಯಿಂದ ಕೈಗೆ ದಾಟಿಸುವ ಒಂದು ರೂಢಿ ಸೇರಿತು. ಅಯ್ಯನವರು ಮೊದಲ ಸಾಲಿನವರ ಕೈಗಳನ್ನು ತಮ್ಮ ಕೈಗಳ ನಡುವೆ ಹಿಡಿಯುವುದು, ಅವರು ಪಕ್ಕದವರದನ್ನು ಹಿಡಿಯುವುದು, ಹೀಗೆ ಕೊನೆಯ ಸಾಲಿನ ತನಕ. ಕೇರಳದ ಸಿರಿಯನ್ ಸಭೆಗಳಿಂದ ಕಲಿತದ್ದು. ಜಗತ್ತಿನ ಬೇರೆ ಸಭೆಗಳೂ ಆಮೇಲೆ ಆ ಕ್ರಮವನ್ನು ನೋಡಿ ಕಲಿತವು. ಮುಟ್ಟಿಸಿಕೊಳ್ಳಬಾರದವರು ಎಂದು ಊರು ದೂರ ನಿಲ್ಲಿಸಿದ ಜನ ಪ್ರತಿ ಕರ್ತನ ಭೋಜನದಲ್ಲಿ ಒಬ್ಬರನ್ನೊಬ್ಬರು ಮುಟ್ಟಿ ಸಮಾಧಾನ ಹೇಳುವುದಕ್ಕಿಂತ ದೊಡ್ಡ ಹೊಸತನ ನನಗಂತೂ ಗೊತ್ತಿಲ್ಲ. ಈಗ ಕೆಲವು ಸಭೆಗಳಲ್ಲಿ ಅದು ನಿಂತಲ್ಲೇ ದೂರದಿಂದ ಕೈಮುಗಿಯುವುದಾಗಿ ಇಳಿದಿದೆ. ಕರೋನಾದ ನೆಪ ಮುಗಿದು ಕಾಲವಾಯಿತು. ಅದನ್ನು ಮರಳಿ ತನ್ನಿ. ಕೀಬೋರ್ಡು ಕೊಳ್ಳಲು ಚಂದಾ ಎತ್ತುವ ಮೊದಲು ಅದನ್ನು ತನ್ನಿ.

ಇನ್ನು ಸುಗ್ಗಿ ಹಬ್ಬ. ನಮ್ಮ ಸಭೆಗಳ ಬಾಳುವೆ ಅಂಗಳಕ್ಕೆ ಬರುವುದು ಆ ದಿನವೇ. ಬಿಳಿಜೋಳದ ಚೀಲ, ಕಡಲೆ, ಗೋದಿ, ಸೇರು ಶೇಂಗಾ, ಕುಂಬಳಕಾಯಿ, ಕಾಲು ಕಟ್ಟಿದ ಕೋಳಿ, ಯಾರದೋ ಮನೆಯ ಮೊದಲ ನಿಂಬೆಹಣ್ಣು. ಆರಾಧನೆ ಮುಗಿದ ಮೇಲೆ ಸವಾಲು ಕೂಗುವುದು. ಒಂದೇ ತೆಂಗಿನಕಾಯಿಯನ್ನು ಒಬ್ಬರು ಕೊಂಡು ಮತ್ತೆ ದೇವರಿಗೇ ಕೊಟ್ಟು, ಇನ್ನೊಬ್ಬರು ಕೊಂಡು, ಅದರ ಬೆಲೆ ಚೀಲ ಜೋಳದ ಬೆಲೆಯನ್ನು ದಾಟುವುದು. ಹೊಲವಿಲ್ಲದ ಹೆಣ್ಣುಮಗಳೊಬ್ಬಳು ಕೂಲಿಗೆ ಹೋಗಿ ಆಯ್ದು ತಂದ ತೆನೆಯ ಕಟ್ಟನ್ನು ಊರ ಶ್ರೀಮಂತ ಸದಸ್ಯ ಹೆಚ್ಚಿನ ಸವಾಲಿಗೆ ಕೊಂಡದ್ದನ್ನು ನೋಡಿದ್ದೇನೆ. ನಂತರ ಗೋದಿ ಹುಗ್ಗಿ, ಅನ್ನ, ಬದನೀಕಾಯಿ ಪಲ್ಯ, ಕೆಲವೆಡೆ ಮಟನ್ನು. ಊರಿನವರನ್ನೂ ಕರೆಯುವ ಸಭೆಗಳಿವೆ, ಕರೆಯದವೂ ಇವೆ. ಕರೆಯಬೇಕು. ಬಂದು ಉಣ್ಣದವರು ಇರುತ್ತಾರೆ, ಅದು ಅವರ ಪಾಲಿನ ಲೆಕ್ಕ.

ಆ ದಿನ ಹಾಡುವುದೇನು? ಉಳಿದ ಭಾನುವಾರ ಹಾಡುವುದನ್ನೇ. ಹಿಂದೆ ಕಣದಲ್ಲಿ ರಾಶಿ ಮಾಡುವಾಗ ಎತ್ತು ತುಳಿಸುತ್ತ ರಾತ್ರಿಯಿಡೀ ಹಾಡುತ್ತಿದ್ದ ಹಂತಿ ಪದಗಳು ಈಗ ಮಶೀನು ಬಂದ ಮೇಲೆ ಬಾಯಿಂದ ಬಾಯಿಗೆ ದಾಟುವುದು ನಿಂತಿದೆ. ಕಣವೇ ಇಲ್ಲ, ಎತ್ತೂ ಇಲ್ಲ, ಹಾಡಲು ರಾತ್ರಿಯೂ ಇಲ್ಲ. ಸುಗ್ಗಿಯ ಹೆಸರಿನಲ್ಲಿ ಹಬ್ಬ ಮಾಡುವ ಜಾಗ ಈ ಸೀಮೆಯಲ್ಲಿ ಇನ್ನೂ ಉಳಿದಿರುವುದರಲ್ಲಿ ನಮ್ಮ ಚರ್ಚಿನ ಅಂಗಳವೂ ಒಂದು. ಹಂತಿಯ ಧಾಟಿ ನಿಧಾನದ್ದು, ಎತ್ತಿನ ನಡಿಗೆಯದು; ಮುಮ್ಮೇಳದವರು ಎತ್ತಿದ್ದನ್ನು ಹಿಮ್ಮೇಳದವರು ಹಿಡಿಯಬೇಕು. ಓದು ಬಾರದವರಿಗೆ ಇದಕ್ಕಿಂತ ಒಳ್ಳೆಯ ಆರಾಧನಾ ಹಾಡು ಯಾರು ತಾನೇ ಮಾಡಿಯಾರು? ಕೀರ್ತನೆ 65ರಲ್ಲಿ ದೇವರು ಹೊಲದ ಸಾಲುಗಳಿಗೆ ನೀರುಣಿಸಿ ಪೈರು ಬೆಳೆಸುವ ಮಾತಿದೆ. ಅದನ್ನು ಹಂತಿಯ ಧಾಟಿಗೆ ಕಟ್ಟಲು ನನಗೆ ಬಾರದು. ಜೋಳದ ರಾಶಿ ಮಾಡಿದ ಕೈಗೆ ಬರುತ್ತದೆ.

ಅದಕ್ಕಾಗಿ ನನ್ನ ಬೇಡಿಕೆ ಇಷ್ಟು. ಬರುವ ಸುಗ್ಗಿ ಹಬ್ಬಕ್ಕೆ ನಿಮ್ಮ ನಿಮ್ಮ ಸಭೆಯಲ್ಲಿ ಹಂತಿ ಪದ ಗೊತ್ತಿರುವ ಹಿರಿಯರು ಯಾರೆಂದು ಹುಡುಕಿ. ಸಭೆಯಲ್ಲಿ ಇಲ್ಲದಿದ್ದರೆ ಊರಲ್ಲಿ ಹುಡುಕಿ. ಅವರು ಗೌಡರ ಓಣಿಯವರಾದರೂ ಸರಿ, ಮುಸಲ್ಮಾನರಾದರೂ ಸರಿ. ಧಾಟಿ ಕಲಿಯಿರಿ, ಮಾತು ನೀವು ಕಟ್ಟಿ. ರೆಕಾರ್ಡು ಮಾಡಿದರೆ ಕಲಿಯಲು ಮಾಡಿ, ಹಂಚಲು ಬೇಡ. ಇಲ್ಲವಾದರೆ ಮುಂದಿನ ವರ್ಷ ಎಲ್ಲ ಸಭೆಯಲ್ಲೂ ನಿಮ್ಮ ಹಾಡೇ ಕೇಳಿ ಮತ್ತೆ ಎಲ್ಲರ ಬಾಯಿ ಮುಚ್ಚೀತು. ಹಲಗಿಯ ವಿಷಯವನ್ನು ನೀವು ಹುಡುಗರು ತೀರ್ಮಾನಿಸಬೇಡಿ. ಅದನ್ನು ಕೆಳಗಿಟ್ಟವರ ಮಕ್ಕಳು ಇನ್ನೂ ಬದುಕಿದ್ದಾರೆ. ಅವರ ಜೊತೆ ಒಂದು ಸಂಜೆ ಕೂಡ್ರಿ, ಕೆಳಗಿಟ್ಟ ದಿನದ ಕಥೆ ಹೇಳಿಸಿ. ಅವರು ಆಗಲಿ ಎಂದರೆ ಅವರ ಕೈಯಿಂದಲೇ ಮೊದಲ ಪೆಟ್ಟು ಬೀಳಲಿ. ಬೇಡ ಎಂದರೆ ಈ ವರ್ಷಕ್ಕೆ ಬೇಡ, ತಾಳವೇ ಸಾಕು.

ಪೇಟಿ ನಾನು ತರುತ್ತೇನೆ. ಬಸ್ಸಿನಲ್ಲಿ ಬರುವವನು, ಸ್ಟ್ಯಾಂಡಿನಿಂದ ಅದನ್ನು ಹೊತ್ತುಕೊಳ್ಳಲು ಒಬ್ಬ ಹುಡುಗನನ್ನು ಕಳಿಸಿರಿ. ಹಬ್ಬದ ದಿನಾಂಕ ಮಾತ್ರ ಸಭೆ ಸಭೆಯವರು ಮಾತಾಡಿಕೊಂಡು ಬೇರೆ ಬೇರೆ ಭಾನುವಾರ ಇಟ್ಟುಕೊಳ್ಳಿ, ಎಲ್ಲರೂ ಒಂದೇ ದಿನ ಕರೆದರೆ ನಾನು ಎಲ್ಲಿಗೆಂದು ಹೋಗಲಿ?

ನಿಮ್ಮವ,
ಮುರಗೋಡದ ಪೇಟಿ ಮಾಸ್ತರ